ಚಿರತೆ ಮೊದಲು ಬಂದಿದ್ದು ಬ್ಯಾಲೆಟ್ ಪೇಪರ್ ಮೇಲೆ ಸ್ವಾಮಿ, ಟೀ ಶರ್ಟ್ ಮೇಲಲ್ಲ



ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಬರೀ ಲೈಕ್ ಒತ್ತಿ ಹೋಗೋರು ಈಗಲೇ ಹೋಗಬಹುದು, ಬೇಜಾರಿಲ್ಲ.

ಪಂಚಾಯ್ತಿ ಚುನಾವಣೆ ಮಾತು ಎದ್ದಾಗಿಂದ ನಮ್ಮ ಗುಂಪುಗಳಲ್ಲಿ ಎರಡೇ ಎರಡು ದನಿ ಕೇಳ್ತಿದೆ. ಒಂದು ದನಿ ಹಿರಿಯರದು: "ಗೆಲ್ಲದ ಕಡೆ ನಿಂತು ವೋಟು ಯಾಕಪ್ಪ ಒಡೀತೀರಿ, ದೊಡ್ಡ ಪಕ್ಷದವರು ಯಾರನ್ನ ನಿಲ್ಲಿಸ್ತಾರೋ ಅವರಿಗೇ ಹಾಕಿ, ಆಮೇಲೆ ಏನಾದ್ರೂ ಕೇಳೋಣ." ಇನ್ನೊಂದು ದನಿ ಹುಡುಗರದು: "ಚುನಾವಣೆ ಅನ್ನೋದೇ ಮೋಸ ಅಣ್ಣ, ಪ್ಯಾಂಥರ್‌ಗಳ ಥರ ಬೀದೀಲಿ ನಿಲ್ಲಬೇಕು." ಎರಡನೇ ಮಾತು ಹೇಳೋ ಹುಡುಗರ ಡೀಪಿ ನೋಡಿದ್ರೆ, ಹತ್ತರಲ್ಲಿ ನಾಲ್ಕು ಕಡೆ ಹಾರೋಕೆ ಹೊರಟ ಕರಿ ಚಿರತೆ.

ಆ ಚಿರತೆ ಎಲ್ಲಿ ಹುಟ್ಟಿತು ಅಂತ ಕೇಳಿದ್ರೆ "ಅಮೆರಿಕದಲ್ಲಿ, ಬಂದೂಕು ಹಿಡಿದವರದು" ಅಂತಾರೆ. ಅದು ಹುಟ್ಟಿದ್ದು ಚುನಾವಣೆ ಚಿಹ್ನೆಯಾಗಿ. ಅಕ್ಷರ ಬಾರದ ಕೂಲಿಯವರು ಬ್ಯಾಲೆಟ್ ಪೇಪರ್‌ನಲ್ಲಿ ಗುರುತು ಹಿಡೀಲಿ ಅಂತ. ಆ ಬ್ಯಾಲೆಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಒಂದು ಕೌಂಟಿಯ ಷೆರೀಫ್ ಹುದ್ದೆಯ ಸ್ಪರ್ಧೆ. ಇದನ್ನ ಹಿರಿಯರೂ ಕೇಳಿಸ್ಕೋಬೇಕು, ಹುಡುಗರೂ ಕೇಳಿಸ್ಕೋಬೇಕು.

ಜಾಗ ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿ. ಒಂದು ಕಡೆ ಸೆಲ್ಮಾ, ಇನ್ನೊಂದು ಕಡೆ ಮಾಂಟ್‌ಗೊಮರಿ, ನಡುವೆ ಈ ಹತ್ತಿ ಬೆಳೆಯೋ ನೆಲ. ಕೌಂಟಿ ಅಂದ್ರೆ ನಮ್ಮ ತಾಲ್ಲೂಕಿನಷ್ಟು ಅಂತ ಇಟ್ಕೊಳ್ಳಿ, ಜನಸಂಖ್ಯೆ ಮಾತ್ರ ನಮ್ಮ ಒಂದು ಹೋಬಳಿಗಿಂತ ಕಡಿಮೆ, 15 ಸಾವಿರದ ಆಸುಪಾಸು. ಅದರಲ್ಲಿ ನೂರಕ್ಕೆ 80ರಷ್ಟು ಕಪ್ಪು ಜನ. ಭೂಮಿಯ ಬಹುಪಾಲು ಕೆಲವೇ ಹತ್ತಾರು ಬಿಳಿ ಕುಟುಂಬಗಳ ಕೈಲಿ. ಕಪ್ಪು ಜನ ಅವರ ಹೊಲದಲ್ಲಿ ಕೋರು ಮಾಡಿ, ಅವರೇ ಕೊಟ್ಟ ಗುಡಿಸಲಲ್ಲಿ ಇದ್ದು, ಅವರ ಅಂಗಡಿಯಲ್ಲೇ ಸಾಲ ಬರೆಸೋರು. ಹೇಳಿ, ಗೊತ್ತಿಲ್ಲದ ಊರಾ ಇದು?

1965ರ ಮಾರ್ಚ್ ಶುರುವಾದಾಗ ಆ ಕೌಂಟಿಯ ಮತದಾರರ ಪಟ್ಟಿಯಲ್ಲಿ ಇದ್ದ ಕಪ್ಪು ಜನ ಎಷ್ಟು ಗೊತ್ತಾ? ಸೊನ್ನೆ. ಒಬ್ಬರೂ ಇಲ್ಲ. ಬಿಳಿಯರ ಹೆಸರು ಮಾತ್ರ ಇರೋ ಬಿಳಿಯರಿಗಿಂತ ಜಾಸ್ತಿ ಇತ್ತು, ಅಂದ್ರೆ ಸತ್ತೋರು, ಊರು ಬಿಟ್ಟೋರು ಎಲ್ಲ ಪಟ್ಟಿಯಲ್ಲಿ ಜೀವಂತ. (ನಾನು ಗುಮಾಸ್ತ. ಹಗಲೆಲ್ಲ ಪಟ್ಟಿ, ರಿಜಿಸ್ಟರು ನೋಡೋನು. ಇಂಥದ್ದು ಅಕಸ್ಮಾತ್ ಆಗಲ್ಲ, ಯಾರೋ ಕೂತು ಮಾಡ್ಬೇಕು.) ಆ ತಿಂಗಳು ಕಷ್ಟಪಟ್ಟು ಹೆಸರು ಬರೆಸಿದ ಮೊದಲ ಇಬ್ಬರಲ್ಲಿ ಒಬ್ಬರು ಜಾನ್ ಹ್ಯುಲೆಟ್. ಈ ಹೆಸರು ನೆನಪಿಟ್ಕೊಳ್ಳಿ.

ಈಗ ಷೆರೀಫ್ ಅಂದ್ರೆ ಯಾರು. ಸಿನಿಮಾದಲ್ಲಿ ಟೋಪಿ ಹಾಕ್ಕೊಂಡು ಕುದುರೆ ಮೇಲೆ ಬರೋನಲ್ಲ. ನಮ್ಮಲ್ಲಿ ಎಸ್‌ಐನ ಸರ್ಕಾರ ನೇಮಕ ಮಾಡುತ್ತೆ, ಎಂಎಲ್‌ಎ ಪತ್ರ ಕೊಟ್ರೆ ವರ್ಗ ಆಗ್ತಾನೆ. ಅಲ್ಲಿ ಹಾಗಲ್ಲ. ಕೌಂಟಿಯ ಷೆರೀಫನ್ನ ಜನವೇ ವೋಟು ಹಾಕಿ 4 ವರ್ಷಕ್ಕೆ ಆರಿಸ್ತಾರೆ. ಹಿಡಿಯೋದು ಅವನು, ಜೈಲು ಇಟ್ಕೊಳ್ಳೋದು ಅವನು, ಕೋರ್ಟಿನ ನೋಟಿಸು ಕೊಡೋದು ಅವನು, ಡೆಪ್ಯುಟಿ ಅಂತ ಯಾರಿಗೆ ಬಿಲ್ಲೆ ಕೊಡಬೇಕು ಅನ್ನೋದೂ ಅವನೇ. ಅಲಬಾಮಾದಲ್ಲಂತೂ ಕೈದಿಗಳ ಊಟಕ್ಕೆ ಕೊಟ್ಟ ದುಡ್ಡಲ್ಲಿ ಮಿಕ್ಕಿದ್ದನ್ನ ಷೆರೀಫ್ ಜೇಬಿಗೆ ಇಳಿಸಬಹುದು ಅಂತ ಕಾನೂನೇ ಇತ್ತು, ಮೊನ್ನೆ ಮೊನ್ನೆವರೆಗೂ. ನಮ್ಮ ಹಾಸ್ಟೆಲ್ ವಾರ್ಡನ್ನುಗಳು ಇದನ್ನ ಓದಬಾರದು ಅಷ್ಟೇ.

ಆ ಬಿಲ್ಲೆ ಏನು ಮಾಡುತ್ತೆ ನೋಡಿ. 1965ರ ಆಗಸ್ಟ್ 20. ಲೌಂಡ್ಸ್ ಕೌಂಟಿಯ ಕೇಂದ್ರ ಹೇನ್‌ವಿಲ್. ಪ್ರತಿಭಟನೆ ಮಾಡಿ ಜೈಲಿಗೆ ಹೋಗಿ ಬಿಡುಗಡೆಯಾದ ನಾಲ್ಕು ಜನ ತಂಪು ಪಾನೀಯ ಕೊಳ್ಳೋಕೆ ಅಂಗಡಿಗೆ ಹೋದ್ರು. ಬಾಗಿಲಲ್ಲಿ ಟಾಮ್ ಕೋಲ್ಮನ್, ಷೆರೀಫನ ವಿಶೇಷ ಡೆಪ್ಯುಟಿ, ಬಂದೂಕು ಹಿಡಿದು ನಿಂತಿದ್ದ. ಗುರಿ ಇಟ್ಟಿದ್ದು ರೂಬಿ ಸೇಲ್ಸ್ ಅನ್ನೋ 17ರ ಕಪ್ಪು ಹುಡುಗಿಗೆ. ಅವಳನ್ನ ತಳ್ಳಿ ಗುಂಡಿಗೆ ಎದೆ ಕೊಟ್ಟಿದ್ದು ಜೊನಾಥನ್ ಡೇನಿಯಲ್ಸ್, ಬಿಳಿಯ, ಪಾದ್ರಿಯಾಗೋಕೆ ಓದ್ತಿದ್ದ ಹುಡುಗ. ಸ್ಥಳದಲ್ಲೇ ಸತ್ತ. ಆಮೇಲೆ? ಅದೇ ಊರಿನ ಕೋರ್ಟು, ಹನ್ನೆರಡಕ್ಕೆ ಹನ್ನೆರಡೂ ಬಿಳಿ ಗಂಡಸರ ಜ್ಯೂರಿ, ಆತ್ಮರಕ್ಷಣೆಗೆ ಹೊಡೆದ ಅಂತ ಬಿಡುಗಡೆ. ಸೆಪ್ಟೆಂಬರ್ ಮುಗಿಯೋದರೊಳಗೆ ಎಲ್ಲ ಮುಗೀತು.

ಅದೇ ವರ್ಷ ಮಾರ್ಚ್ 25ರ ರಾತ್ರಿ ಇದೇ ಕೌಂಟಿಯ ರಸ್ತೇಲಿ ವಯೋಲಾ ಲಿಯುಝೊ ಅನ್ನೋ ಐದು ಮಕ್ಕಳ ತಾಯಿಯನ್ನ ಕ್ಲಾನ್‌ನವರು ಕಾರು ಅಟ್ಟಿಸಿಕೊಂಡು ಹೋಗಿ ಕೊಂದಿದ್ರು. ಅದಕ್ಕೂ ಈ ಕೋರ್ಟಿನಲ್ಲಿ ಶಿಕ್ಷೆ ಆಗಲಿಲ್ಲ. ಫೆಡರಲ್ ಕೋರ್ಟಿಗೆ ಹೋದ ಮೇಲೆ ಬೇರೆ ಕಲಮಿನಲ್ಲಿ 10 ವರ್ಷ ಹಾಕಿದ್ರು.

ಕಂಬಾಲಪಲ್ಲಿ ನೆನಪಾಗಲಿಲ್ವಾ? 2000ದ ಮಾರ್ಚ್ 11. ನಮ್ಮ 7 ಜನರನ್ನ ಮನೆಯೊಳಗೇ ಕೂಡಿ ಸುಟ್ಟರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆ, ಸಾಕ್ಷಿಗಳು ಉಲ್ಟಾ ಹೊಡೆದ್ರು ಅಂತ. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡೀತು. ಸಾಕ್ಷಿ ಯಾಕೆ ಉಲ್ಟಾ ಹೊಡೀತಾನೆ ಅಂತ ಪೇಪರ್‌ನವರು ಕೇಳ್ತಾರೆ. ಕೋರ್ಟಿನಿಂದ ಬಸ್ಸು ಹತ್ತಿ ಅವನು ವಾಪಸ್ ಹೋಗೋದು ಅದೇ ಊರಿಗೆ, ಅಲ್ಲಿರೋದು ಅದೇ ಠಾಣೆ, ಅದಕ್ಕೆ.

ಲೌಂಡ್ಸ್‌ನ ಜನಕ್ಕೆ ಇದು ಚೆನ್ನಾಗಿ ಅರ್ಥ ಆಗಿತ್ತು. ಮನವಿ ಕೊಟ್ಟು ಕೊಟ್ಟು ಸಾಕಾಗಿತ್ತು. ಷೆರೀಫನಿಗೆ ಮನವಿ ಕೊಡೋದು ಯಾಕೆ, ಷೆರೀಫೇ ನಾವಾಗೋಣ ಅಂದ್ರು.

ಆಗ ಬಂತು ನಮ್ಮ ಹಿರಿಯರು ಹೇಳೋ ಅದೇ ಬುದ್ಧಿಮಾತು. ಡೆಮಾಕ್ರಟಿಕ್ ಪಕ್ಷಕ್ಕೆ ಸೇರ್ಕೊಳ್ಳಿ, ಅದರ ಒಳಚುನಾವಣೆಯಲ್ಲಿ ವೋಟು ಹಾಕಿ, ಇರೋರಲ್ಲಿ ಒಳ್ಳೆಯವರನ್ನ ಆರಿಸಿ ಅಂತ. ಯಾವ ಪಕ್ಷ ಸ್ವಾಮಿ ಅದು? ಅಲಬಾಮಾದಲ್ಲಿ ಆ ಪಕ್ಷದ ಚಿಹ್ನೆ ಬಿಳಿ ಹುಂಜ. 1966ರ ಶುರುವಿನವರೆಗೂ ಹುಂಜದ ಜೊತೆ 'ಬಿಳಿಯರ ಪಾರಮ್ಯ' ಅಂತ ಅಕ್ಷರದಲ್ಲೇ ಅಚ್ಚು ಹಾಕ್ತಿದ್ರು. ಕಪ್ಪು ಜನ ಪಟ್ಟಿಗೆ ಸೇರೋಕೆ ಶುರುವಾದ ಕೂಡಲೇ ಆ ಮಾತು ಅಳಿಸಿದ್ರು. ಆದರೆ ಆ ಪಕ್ಷದಿಂದ ನಿಲ್ಲೋಕೆ ಕಟ್ಟಬೇಕಾದ ಶುಲ್ಕ 50 ಡಾಲರ್ ಇದ್ದದ್ದನ್ನ 500 ಮಾಡಿದ್ರು. ಬಾಯಲ್ಲಿ ಸಮಾನತೆ, ಕೌಂಟರಿನಲ್ಲಿ ಹತ್ತು ಪಟ್ಟು.

ಇಲ್ಲಿ ನನಗೆ ಬಹಳ ಇಷ್ಟವಾಗೋ ಒಂದು ಸಂಗತಿ ಇದೆ, ಗುಮಾಸ್ತನಾದ್ದರಿಂದ ಇರಬಹುದು. ಅಲ್ಲಿ ಕೆಲಸ ಮಾಡ್ತಿದ್ದ ಎಸ್‌ಎನ್‌ಸಿಸಿ ಅನ್ನೋ ವಿದ್ಯಾರ್ಥಿ ಸಂಘಟನೆಯ ಸ್ಟೋಕ್ಲಿ ಕಾರ್ಮೈಕಲ್ ಹೆಸರು ಎಲ್ಲರಿಗೂ ಗೊತ್ತು, ಭಾಷಣಕಾರ. ಜಾಕ್ ಮಿನಿಸ್ ಹೆಸರು ಯಾರಿಗೂ ಗೊತ್ತಿಲ್ಲ. ಆತ ಸಂಘಟನೆಯ ಸಂಶೋಧನಾ ವಿಭಾಗದವನು. ಕೂತು ಅಲಬಾಮಾದ ಹಳೇ ಕಾನೂನು ಪುಸ್ತಕ ಕೆದಕಿ ಒಂದು ಕಲಮು ಹುಡುಕಿದ. ಒಂದು ಕೌಂಟಿಗೆ ಮಾತ್ರ ಸೀಮಿತವಾದ ಪಕ್ಷ ಕಟ್ಟಬಹುದು. ಒಳಚುನಾವಣೆಯ ದಿನವೇ ಸಭೆ ಸೇರಿ ಅಭ್ಯರ್ಥಿ ಆರಿಸಬೇಕು. ಸಾರ್ವತ್ರಿಕ ಚುನಾವಣೆಯಲ್ಲಿ ನೂರಕ್ಕೆ 20 ವೋಟು ಬಂದ್ರೆ ಅದು ಮಾನ್ಯತೆ ಪಡೆದ ಪಕ್ಷ. ಧೂಳು ತಿಂತಿದ್ದ ಆ ಕಲಮಿನ ಮೇಲೆ ಲೌಂಡ್ಸ್ ಕೌಂಟಿ ಫ್ರೀಡಂ ಆರ್ಗನೈಸೇಷನ್ ಎದ್ದು ನಿಂತಿತು. ಜಾನ್ ಹ್ಯುಲೆಟ್ ಅದರ ಅಧ್ಯಕ್ಷ.

ಪಕ್ಷಕ್ಕೆ ಚಿಹ್ನೆ ಬೇಕಿತ್ತು. ಅಟ್ಲಾಂಟಾದ ಒಂದು ಕಪ್ಪು ಕಾಲೇಜಿನ ಆಟದ ತಂಡದ ಲಾಂಛನ ನೋಡಿ ರೂತ್ ಹೋವರ್ಡ್ ಅನ್ನೋ ಕಾರ್ಯಕರ್ತೆ ಚಿರತೆ ಬಿಡಿಸಿದಳು. ಹುಂಜದ ಎದುರು ಚಿರತೆ. ಅಕ್ಷರ ಬಾರದವರಿಗೂ ಯಾರು ಯಾರನ್ನ ತಿಂತಾರೆ ಅಂತ ವಿವರಿಸಿ ಹೇಳಬೇಕಾಗಿರಲಿಲ್ಲ.

ಅದೇ ಅಕ್ಟೋಬರ್‌ನಲ್ಲಿ ಓಕ್‌ಲ್ಯಾಂಡ್‌ನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ತಮ್ಮ ಪಕ್ಷಕ್ಕೆ ಈ ಚಿರತೆಯನ್ನೇ ತಗೊಂಡ್ರು. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಅವರಿಂದ ಆ ಹೆಸರು ಪಡೆದು ದಲಿತ ಪ್ಯಾಂಥರ್ ಕಟ್ಟಿದ್ರು. ಅಲ್ಲಿಂದ ನಿಮ್ಮ ಡೀಪಿಗೆ ಬಂತು. ಬಂದೂಕಿನ ಚಿತ್ರ ನಡುವೆ ಸೇರ್ಕೊಂಡಿದ್ದು, ಬ್ಯಾಲೆಟ್ಟು ಉದುರಿ ಹೋಯ್ತು. (ಲೌಂಡ್ಸ್ ಜನರ ಮನೇಲಿ ಬಂದೂಕು ಇರಲಿಲ್ಲ ಅಂತಲ್ಲ. ಇತ್ತು. ರಾತ್ರಿ ಮನೆ ಕಾಯೋಕೆ ಬಂದೂಕು, ಹಗಲು ಹೆಸರು ಬರೆಸೋಕೆ ಪೆನ್ನು. ಇದೋ ಅದೋ ಅಂತ ಅವರು ಜಗಳ ಆಡ್ಕೊಂಡು ಕೂರಲಿಲ್ಲ.)

ಇನ್ನೂ ಒಂದು ಮಾತು ಚಿಹ್ನೆ ಬಗ್ಗೆ. ನಮ್ಮಲ್ಲಿ ಈಗ ಹೊಸದಾಗಿ ಪ್ರಾಣಿಗಳ ಚಿಹ್ನೆ ಕೊಡಲ್ಲ, ಚಿರತೆ ಕೇಳಿದ್ರೂ ಸಿಗಲ್ಲ. ಆದರೆ ಬಾಬಾಸಾಹೇಬರ ಪರಿಶಿಷ್ಟ ಜಾತಿ ಒಕ್ಕೂಟ ಮೊದಲ ಮಹಾಚುನಾವಣೆಗೆ ಆನೆ ಚಿಹ್ನೆ ಹಿಡಿದು ಹೋಯ್ತು. ಬಾಬಾಸಾಹೇಬರು ಸೋತರು. ಸೋಲ್ತೀನಿ ಅಂತ ನಿಲ್ಲದೇ ಇರಲಿಲ್ಲ. "ಗೆಲ್ಲದ ಕಡೆ ಯಾಕೆ ನಿಲ್ತೀರಿ" ಅನ್ನೋ ಹಿರಿಯರು ಮನೆ ಗೋಡೆ ಮೇಲಿನ ಫೋಟೋ ನೋಡ್ಕೊಂಡು ಆ ಪ್ರಶ್ನೆ ಇನ್ನೊಂದು ಸಲ ಕೇಳ್ಲಿ.

ಲೌಂಡ್ಸ್‌ನಲ್ಲಿ ಅಭ್ಯರ್ಥಿಗಳನ್ನ ಆರಿಸಿದ ರೀತಿಗೆ ಬರ್ತೀನಿ, ಯಾಕಂದ್ರೆ ಎಲ್ಲ ಇರೋದು ಅಲ್ಲೇ. ಮೊದಲು ತಿಂಗಳುಗಟ್ಟಲೆ ತರಗತಿ. ಷೆರೀಫ್ ಏನು ಮಾಡ್ತಾನೆ, ತೆರಿಗೆ ಅಸೆಸರ್ ಏನು ಮಾಡ್ತಾನೆ, ಶವ ತನಿಖೆ ಮಾಡೋ ಕರೋನರ್ ಯಾಕೆ ಮುಖ್ಯ, ಸ್ಕೂಲ್ ಬೋರ್ಡಿಗೆ ಎಷ್ಟು ಅಧಿಕಾರ ಇದೆ. ಚಿತ್ರ ಬರೆದು, ಎರಡು ಸಾಲು ಮಾತು ಹಾಕಿ ಸಣ್ಣ ಪುಸ್ತಿಕೆ ಮಾಡಿ ಹಂಚಿದ್ರು. ಓದು ಬಾರದವರು ಮಕ್ಕಳ ಕೈಲಿ ಓದಿಸ್ಕೊಂಡ್ರು. ನಮ್ಮ ಪಂಚಾಯ್ತಿಗೆ ಗೆದ್ದ ನಮ್ಮದೇ ಸದಸ್ಯರಿಗೆ ಗ್ರಾಮಸಭೆಯ ನಡಾವಳಿ ಪುಸ್ತಕ ಯಾರ ಹತ್ರ ಇರುತ್ತೆ ಅಂತ ಗೊತ್ತಾ? ಕೇಳಿ ನೋಡಿ.

1966ರ ಮೇ 3. ಕೋರ್ಟಿನ ಅಂಗಳದಲ್ಲಿ ಸಭೆ ಸೇರ್ತೀವಿ ಅಂದ್ರೆ ಷೆರೀಫ್ ಬಿಡಲಿಲ್ಲ. ಸರಿ, ಅರ್ಧ ಮೈಲಿ ಆಚೆ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಹತ್ರ ಸೇರಿದ್ರು. ಒಂಬೈನೂರರ ಹತ್ತಿರ ಜನ ಬಂದು, ಒಂದೊಂದು ಹುದ್ದೆಗೂ ವೋಟು ಹಾಕಿ 7 ಜನ ಅಭ್ಯರ್ಥಿಗಳನ್ನ ಆರಿಸಿದ್ರು. ಷೆರೀಫ್ ಹುದ್ದೆಗೆ ಇಬ್ಬರು ನಿಂತಿದ್ರು. ಸಿಡ್ನಿ ಲೋಗನ್ ಜೂನಿಯರ್ ಗೆದ್ದರು. ಯಾರ ಬಂಗಲೆಯಿಂದಲೂ ಬಿ ಫಾರಂ ಬರಲಿಲ್ಲ. ತೆರಿಗೆ ಅಸೆಸರ್ ಹುದ್ದೆಗೆ ಆಲಿಸ್ ಮೂರ್ ಅನ್ನೋ ಹೆಂಗಸು ನಿಂತು, ಭೂಮಿ ಇರೋರ ಮೇಲೆ ಸರಿಯಾದ ತೆರಿಗೆ ಹಾಕ್ತೀನಿ ಅಂತ ನೇರವಾಗಿ ಹೇಳಿದಳು.

ಜಮೀನ್ದಾರರು ಸುಮ್ಮನಿದ್ರಾ? ಹೆಸರು ಬರೆಸಿದೋರನ್ನ, ವರ್ಷಾನುಗಟ್ಟಲೆ ಇದ್ದ ಗುಡಿಸಲಿಂದ ಎತ್ತಂಗಡಿ ಮಾಡಿದ್ರು. ಬೀದಿಗೆ ಬಿದ್ದೋರು 1965ರ ಡಿಸೆಂಬರ್ ಚಳೀಲಿ ಹೆದ್ದಾರಿ ಪಕ್ಕ ಡೇರೆ ಹಾಕಿದ್ರು. ಟೆಂಟ್ ಸಿಟಿ. ಎರಡು ವರ್ಷಕ್ಕೂ ಮೇಲೆ ಅಲ್ಲೇ ಸಂಸಾರ, ಅಲ್ಲೇ ಹೆರಿಗೆ ಬಾಣಂತನ, ರಾತ್ರಿ ಹೊತ್ತು ಕಾರಿನಲ್ಲಿ ಬಂದು ಗುಂಡು ಹಾರಿಸಿ ಹೋಗೋರು. ವೋಟಿನ ಬೆಲೆ 500 ರೂಪಾಯಿ ಒಂದು ಕ್ವಾರ್ಟರು ಅಂತ ನಿಗದಿ ಮಾಡ್ಕೊಂಡು ಕೂತಿರೋ ನಮ್ಮ ಕೇರಿಯವರಿಗೆ ಈ ಡೇರೆಗಳ ಕತೆ ಯಾರಾದ್ರೂ ಹೇಳಿದ್ದೀವಾ?

1966ರ ನವೆಂಬರ್ 8ಕ್ಕೆ ಚುನಾವಣೆ. ಹೊತ್ತಿಗೆ ಕಪ್ಪು ಮತದಾರರು ಬಿಳಿಯರಿಗಿಂತ ಸ್ವಲ್ಪ ಹೆಚ್ಚೇ ಆಗಿದ್ರು. ಆದರೂ ಲೋಗನ್ ಸೋತರು. ಅವರಿಗೆ 1,600 ಚಿಲ್ಲರೆ, ಎದುರಾಳಿಗೆ 2,300 ಚಿಲ್ಲರೆ. ಹೇಗೆ? ಒಡೆಯರು ತಮ್ಮ ಹೊಲದ ಕೂಲಿಯವರನ್ನ ಟ್ರಕ್ಕಿನಲ್ಲಿ ತುಂಬಿ ತಂದು, ಯಾರಿಗೆ ಹಾಕ್ಬೇಕು ಅಂತ ಹೇಳಿ, ಹಾಕಿಸಿ, ವಾಪಸ್ ಕರ್ಕೊಂಡು ಹೋದ್ರು. ಏಳಕ್ಕೆ ಏಳೂ ಹುದ್ದೆ ಹೋಯ್ತು.

ನಮ್ಮ ಹಿರಿಯರು ಇಲ್ಲಿಗೇ ಪುಸ್ತಕ ಮುಚ್ಚಿ "ನೋಡಿದ್ರಾ, ಹೇಳಿರಲಿಲ್ವಾ" ಅಂತಾರೆ. ಮುಚ್ಚಬೇಡಿ. ನೂರಕ್ಕೆ 20 ದಾಟಿತ್ತಲ್ಲ, ಹಾಗಾಗಿ ಸೋತ ರಾತ್ರಿಯೇ ಅದು ಮಾನ್ಯತೆ ಇರೋ ಪಕ್ಷ ಆಯ್ತು. ನಾಲ್ಕು ವರ್ಷ ತರಗತಿ, ಸಭೆ, ಹೆಸರು ಬರೆಸೋ ಕೆಲಸ ನಿಲ್ಲಲಿಲ್ಲ. 1970ರಲ್ಲಿ ಷೆರೀಫ್ ಹುದ್ದೆಗೆ ನಿಂತದ್ದು ಜಾನ್ ಹ್ಯುಲೆಟ್. ಐದು ವರ್ಷದ ಹಿಂದೆ ಮತದಾರರ ಪಟ್ಟಿಯಲ್ಲೇ ಇಲ್ಲದ ಮನುಷ್ಯ. ಗೆದ್ದರು. ಕೋಲ್ಮನ್‌ನಂಥವನಿಗೆ ಬಿಲ್ಲೆ ಕೊಟ್ಟ ಕಚೇರಿಯ ಕುರ್ಚಿಯಲ್ಲಿ 22 ವರ್ಷ ಕೂತರು.

ಪೂರ್ತಿ ಸಿಹಿ ಕತೆ ಹೇಳಿ ನಿಮ್ಮನ್ನ ಏಮಾರಿಸಲ್ಲ. ಹ್ಯುಲೆಟ್ ಕೊನೆಗೆ ಅದೇ ಡೆಮಾಕ್ರಟಿಕ್ ಪಕ್ಷದ ಜೊತೆಗೇ ಹೋದರು. ಎಲ್ಲರೂ ಕೂತು ಅಭ್ಯರ್ಥಿ ಆರಿಸೋ ಚರ್ಚಿನ ಸಭೆಗಳು ಕ್ರಮೇಣ ನಿಂತವು, ಷೆರೀಫ್ ದೊಡ್ಡವನಾದ, ಪಕ್ಷ ಸಣ್ಣದಾಯ್ತು. ಬಡತನ ಹಾಗೇ ಉಳೀತು. ಲೌಂಡ್ಸ್‌ನಲ್ಲಿ ಇವತ್ತಿಗೂ ಎಷ್ಟೋ ಮನೆಗೆ ಸರಿಯಾದ ಚರಂಡಿ ವ್ಯವಸ್ಥೆ ಇಲ್ಲ, ಶೌಚದ ನೀರು ಹಿತ್ತಲಿಗೇ ಹರಿಯುತ್ತೆ. ಮೇಕನ್ ಕೌಂಟಿಯಲ್ಲಿ ಇನ್ನೂ ಮುಂಚೆ, 1966ರಲ್ಲೇ, ಲೂಸಿಯಸ್ ಅಮರ್ಸನ್ ಷೆರೀಫ್ ಆಗಿ ಗೆದ್ದಿದ್ರು, ಅದೂ ಡೆಮಾಕ್ರಟಿಕ್ ಪಕ್ಷದ ಒಳಗಿಂದಲೇ. ದಕ್ಷಿಣದಲ್ಲಿ ಸುಮಾರು ನೂರು ವರ್ಷದಲ್ಲಿ ಮೊದಲ ಕಪ್ಪು ಷೆರೀಫ್. ಅವರ ಮೇಲೂ ಮುಂದೆ ಒಬ್ಬ ಕಪ್ಪು ಕೈದಿಗೆ ಹೊಡೆದ ಕೇಸು ಬಿತ್ತು, ಜ್ಯೂರಿ ಬಿಡುಗಡೆ ಮಾಡಿತು. ನಮ್ಮವನೇ ಖಾಕಿ ಹಾಕಿದ ತಕ್ಷಣ ಲಾಠಿ ಮೆತ್ತಗಾಗುತ್ತೆ ಅಂತ ನಾನೂ ನಂಬಲ್ಲ. ನಮ್ಮದೇ ಜಾತಿ ಎಸ್‌ಐ ಇದ್ದ ಠಾಣೇಲಿ ನಮ್ಮ ಹೆಣ್ಮಗಳ ದೂರಿಗೆ ಎಫ್‌ಐಆರ್ ಹಾಕ್ಸೋಕೆ ಮೂರು ದಿನ ಬಾಗಿಲು ಕಾದಿದ್ದೀನಿ. ನಾಲ್ಕನೇ ದಿನ ಕೌಂಟರ್ ಕೇಸ್ ಮೊದಲು ದಾಖಲಾಗಿತ್ತು.

ಕೊಳ್ಳೇಗಾಲ ಮರೆತಿಲ್ಲ ತಾನೇ? 2018ರಲ್ಲಿ ಆನೆ ಗುರುತಿನಿಂದ ಎನ್. ಮಹೇಶ್ ಗೆದ್ದಾಗ ಎಷ್ಟು ಜನ ಅತ್ತಿದ್ವಿ ಖುಷಿಗೆ. ಹಳ್ಳಿ ಹಳ್ಳಿಯಲ್ಲಿ ಚಿಲ್ಲರೆ ಕೂಡಿಸಿ ಮಾಡಿದ ಚುನಾವಣೆ ಅದು. ಮಂತ್ರಿ ಆದ್ರು, ರಾಜೀನಾಮೆ ಕೊಟ್ರು, ಪಕ್ಷದಿಂದ ಹೊರಬಿದ್ರು, 2021ರಲ್ಲಿ ಬಿಜೆಪಿ ಸೇರಿದ್ರು. ವ್ಯಕ್ತಿಯನ್ನ ಬೈದು ನನಗೇನೂ ಆಗಬೇಕಿಲ್ಲ. ಕೇಳೋದಿಷ್ಟೇ, ಗೆಲ್ಲಿಸಿದ ಮೇಲೆ ಆ ಜನ ಮತ್ತೆ ಕೂತು ಲೆಕ್ಕ ಕೇಳೋ ಒಂದು ಜಾಗ ನಾವು ಇಟ್ಕೊಂಡಿದ್ವಾ?

ಈಗ ನಮ್ಮ ಮನೆ ವಿಷಯ. ನಮ್ಮಲ್ಲಿ ಷೆರೀಫ್ ಚುನಾವಣೆ ಇಲ್ಲ, ನಿಜ. ಎಸ್‌ಐಯನ್ನ ನಾವು ಆರಿಸಲ್ಲ. ಆದರೆ ಎಸ್‌ಐ ಯಾರ ಮಾತು ಕೇಳ್ತಾನೋ ಅವರನ್ನ ಆರಿಸ್ತೀವಿ. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕಲಂ 4 ಅಂತ ಒಂದಿದೆ: ಕರ್ತವ್ಯ ಬೇಕಂತಲೇ ಕಡೆಗಣಿಸಿದ ಅಧಿಕಾರಿಗೇ ಶಿಕ್ಷೆ. ಎಷ್ಟು ಸಲ ಬಳಸಿದ್ದೀವಿ? ಅದೇ ಕಾಯ್ದೆಯ ನಿಯಮದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ, 3 ತಿಂಗಳಿಗೊಮ್ಮೆ ಸೇರಲೇಬೇಕು, ಎಸ್‌ಪಿ ಬಂದು ಕೂರಬೇಕು, ನಮ್ಮ ಸಮುದಾಯದ ಅಧಿಕಾರೇತರ ಸದಸ್ಯರೂ ಅದರಲ್ಲಿ ಇರ್ತಾರೆ. ನಿಮ್ಮ ಜಿಲ್ಲೆಯಲ್ಲಿ ಆ ಸದಸ್ಯರು ಯಾರು, ಯಾರ ಶಿಫಾರಸಿನಿಂದ ಬಂದ್ರು, ಕೊನೇ ಸಭೆ ಯಾವತ್ತಾಯ್ತು? ಜಯಂತಿ ದಿನ ಡಿಜೆ ಯಾವುದು ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ, ಇದು ಗೊತ್ತಿರಲ್ಲ.

ಪಂಚಾಯ್ತಿಯಲ್ಲಿ ನಮ್ಮ ಮೀಸಲು ಸೀಟಿಗೆ ಯಾರು ನಿಲ್ಲಬೇಕು ಅಂತ ಈಗ ತೀರ್ಮಾನ ಆಗೋದು ಎಲ್ಲಿ? ಊರ ದೇವಸ್ಥಾನದ ಜಗಲಿ ಮೇಲೆ. 2020ರ ಚುನಾವಣೆಯಲ್ಲಿ ಸೀಟುಗಳನ್ನ ಹರಾಜು ಹಾಕಿದ್ದು ಟೀವಿಯಲ್ಲೇ ಬಂತು. ಒಡೆಯರ ತೋಟದಲ್ಲಿ ದುಡಿಯೋ ನಮ್ಮಣ್ಣನನ್ನೋ ನಮ್ಮಕ್ಕನನ್ನೋ ಹಿಡಿದು ತಂದು 'ಅವಿರೋಧ' ಅಂತ ಹಾರ ಹಾಕ್ತಾರೆ. ಲೌಂಡ್ಸ್‌ನ ಟ್ರಕ್ಕು ಮತದಾರರನ್ನ ಹೊತ್ತು ತಂತು. ನಮ್ಮೂರ ಟ್ರ್ಯಾಕ್ಟರು ಅಭ್ಯರ್ಥಿಯನ್ನೇ ಹೊತ್ತು ತರುತ್ತೆ. ಪೂನಾ ಒಪ್ಪಂದದಿಂದ ಹಿಡಿದು ಬಾಬಾಸಾಹೇಬರು ಹೇಳ್ತಾ ಬಂದ ತಕರಾರು ಇದೇ ಅಲ್ವಾ, ನಮ್ಮ ಪ್ರತಿನಿಧಿಯನ್ನ ಬೇರೆಯವರು ಆರಿಸ್ತಾರೆ ಅಂತ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ, ನಾವು ಅದಕ್ಕೂ ಗಟ್ಟಿಯಾಗಿ ಬಾಯಿ ಬಿಡಲಿಲ್ಲ.

ಆದ್ದರಿಂದ ನಮ್ಮ ತಾಲ್ಲೂಕಿನ ಗೆಳೆಯರಲ್ಲಿ ಕೇಳೋದು ಹೀಗೆ. ನಾಮಪತ್ರದ ದಿನಾಂಕ ಬರೋಕೆ ಮುಂಚೆ ಪ್ರತಿ ಕೇರಿಯಲ್ಲಿ, ಸಮುದಾಯ ಭವನದಲ್ಲೋ ಅರಳಿ ಮರದ ಕೆಳಗೋ, ನಮ್ಮವರೇ ಸೇರಿ ನಮ್ಮ ಅಭ್ಯರ್ಥಿಯನ್ನ ಚೀಟಿ ಹಾಕಿ ಆರಿಸೋಣ. ಹೆಂಗಸರು ಬರಲೇಬೇಕು, ಬಂದು ಹಿಂದೆ ನಿಲ್ಲೋದಲ್ಲ, ಚೀಟಿ ಹಾಕ್ಬೇಕು. ಆಯ್ಕೆಯಾದವರು ಗೆದ್ದರೂ ಸೋತರೂ ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಬಂದು ಕೂರಬೇಕು. ಹಿರಿಯರೇ, ವೋಟು ಒಡೆಯುತ್ತೆ ಅನ್ನೋ ಭಯ ಇದ್ರೆ ಬನ್ನಿ, ಚೀಟಿ ಹಾಕೋವಾಗ ಒಡೆಯದ ಹಾಗೆ ನೋಡ್ಕೊಳ್ಳಿ. ತಮ್ಮಂದಿರಾ, ಬೀದಿ ಹೋರಾಟಕ್ಕೆ ನಾನೂ ಬರ್ತೀನಿ, ಬಂದಿದ್ದೀನಿ ಕೂಡ. ಅದಕ್ಕೆ ಮುಂಚೆ ನಿಮ್ಮ ಓಣಿಯ ಮತದಾರರ ಪಟ್ಟಿ ಡೌನ್‌ಲೋಡ್ ಮಾಡಿ, ಯಾರ ಹೆಸರು ಬಿಟ್ಟುಹೋಗಿದೆ ನೋಡಿ.

ಪಂಚಾಯ್ತಿ ಸದಸ್ಯರು ಏನೇನು ಕೇಳಬಹುದು, ಯಾವ ಪುಸ್ತಕ ತೆಗೆಸಿ ನೋಡಬಹುದು ಅಂತ ನಾಲ್ಕು ಪುಟದ ಒಂದು ಪುಸ್ತಿಕೆ ಬರೀತಿದ್ದೀನಿ. ಅಕ್ಷರ ನನ್ನದು, ಜೆರಾಕ್ಸ್ ಖರ್ಚು ಇಬ್ಬರು ಗೆಳೆಯರದು. ಚಿತ್ರ ಬಿಡಿಸೋರು ಇಲ್ಲ. ಕೈ ಚೆನ್ನಾಗಿರೋ ಹುಡುಗ ಹುಡುಗಿಯರು ಯಾರಾದ್ರೂ ಇದ್ರೆ ಈ ಭಾನುವಾರದೊಳಗೆ ಇನ್‌ಬಾಕ್ಸ್‌ಗೆ ಬನ್ನಿ.

ಜೈ ಭೀಮ್.